ಬಂಗಾರದ ಬಣ್ಣದ ಚೂರು

ಅಂಗಿ ಗುಂಡಿ ಕೊಳ್ಳಲು ಅಂಗಡಿಗೆ ಬಂದಿದ್ದ ದರ್ಜಿಯ ಮುಂದೆ, ಸಾಲಿನಲ್ಲಿ, ಅಕ್ಕತಂಗಿಯರಿಬ್ಬರು ನಿಂತಿದ್ದರು. ಮದುವೆ ತಂಗಿಯದು. ಅಂಗಡಿಯವನು ಮೇಜಿನ ಮೇಲೆ ಬಣ್ಣಬಣ್ಣದ ಕಾಗದದ ಚೂರು ಸುರಿದಿದ್ದ; ಮದುಮಕ್ಕಳ ಮೇಲೆ ಎರಚಿದರೆ ಫೋಟೋಕ್ಕೆ ಕಳೆ ಬರುತ್ತದಂತೆ.

"ಬಂಗಾರದ ಬಣ್ಣದ್ದು ತಗೊಳ್ಳೇ," ಎಂದಳು ಅಕ್ಕ.

"ಯಾವುದೂ ಬೇಡ ಕಣೇ. ಕೆಳಗೆ ಬಿದ್ದಿದ್ದೇ ತಡ, ಅಮ್ಮ ಪೊರಕೆ ಹಿಡೀತಾಳೆ."

"ನಿನ್ನ ಮದುವೆ ದಿನಾನಾ?"

"ನಿನ್ನ ಮದುವೇಲಿ ಏನಾಯ್ತು? ಯಾವ ಫೋಟೋ ನೋಡಿದ್ರೂ ನಿನ್ನ ಹಿಂದೆ ಅಮ್ಮನ ಬಗ್ಗಿದ ಬೆನ್ನು!"

ದರ್ಜಿ ಕಿಸಕ್ಕನೆ ನಕ್ಕುಬಿಟ್ಟ.

"ಮೆಲ್ಲಗೆ ಮಾತಾಡೇ," ಎಂದಳು ಅಕ್ಕ. "ಅಮ್ಮ ಬಾಗಿಲಲ್ಲೇ ಇದ್ದಾಳೆ. ಆಯಸ್ಸೆಲ್ಲಾ ಆಸ್ಪತ್ರೆ ಗುಡಿಸಿದ ಕೈ, ಸುಮ್ನೆ ಇರು ಅಂದ್ರೆ ಇರುತ್ತಾ?"

"ಗಂಡಿನ ಕಡೆಯೋರ ಮುಂದೆ ನಾನು ತಲೆ ಎತ್ತೋದು ಬೇಡ್ವಾ?"

ಅಕ್ಕ ನೆಲ ನೋಡುತ್ತಿದ್ದಳು. ದರ್ಜಿಯೂ ನೋಡಿದ. ತಂಗಿಯ ಹಿಂದೆಯೇ ತಾಯಿ ಕುಕ್ಕರಗಾಲಲ್ಲಿ ಕೂತು, ಮೇಜಿನಿಂದ ಉದುರಿದ ಚೂರುಗಳನ್ನು ಒಂದೊಂದಾಗಿ ಹೆಕ್ಕಿ ಅಂಗೈಗೆ ಹಾಕಿಕೊಳ್ಳುತ್ತಿದ್ದಳು. ಯಾವಾಗ ಒಳಗೆ ಬಂದಳೋ ಯಾರಿಗೂ ಗೊತ್ತಿರಲಿಲ್ಲ.

ಅವಳು ಎದ್ದು ಅಂಗೈಯನ್ನು ಮೇಜಿನ ಮೇಲೆ ಕೊಡವಿದಳು.

"ಅಕ್ಕ ಹೇಳಿದ್ದೇ ತಗೋ ಮಗಳೇ, ನಿಂಗೆ ಒಪ್ಪುತ್ತೆ. ಫೋಟೋ ತೆಗೆಯೋವಾಗ ನಾನು ಒಳಗಿರ್ತೀನಿ ಬಿಡು."

"ಅಮ್ಮಾ, ನಾನು ಹಾಗಲ್ಲ..."

"ಆಯ್ತು, ನಡಿ. ಹಿಂದೆ ಜನ ಕಾಯ್ತಿದ್ದಾರೆ."

ದರ್ಜಿ ತಲೆ ತಗ್ಗಿಸಿ ದಾರಿ ಬಿಟ್ಟ. ಬಾಗಿಲ ಬಳಿ ತಂಗಿಯ ಜಡೆಗೆ ಅಂಟಿದ್ದ ಚೂರೊಂದು ಮಿನುಗಿತು. ತೆಗೆಯಲೆಂದು ಕೈ ಎತ್ತಿದ ತಾಯಿ, ಏನೋ ನೆನಪಾದವಳಂತೆ ಕೈಯನ್ನು ಹಾಗೇ ಕೆಳಗಿಳಿಸಿ ಬೆನ್ನ ಹಿಂದೆ ಕಟ್ಟಿಕೊಂಡಳು.