ಮೇಷ್ಟ್ರ ಕೊನೇ ರೌಂಡು

ಹಲೋ… ಯಾರು ಮಾತಾಡ್ತಿರೋದು? ವೆಬ್‌ಸೈಟ್ ಮಾಡಿಕೊಟ್ಟ ಹುಡುಗೀನಾ?…

ಹಾಂ, ನಾನಮ್ಮಾ, ಡ್ರೈವಿಂಗ್ ಸ್ಕೂಲ್ ಮೇಷ್ಟ್ರ ಹೆಂಡ್ತಿ. ಒಂದು ಕೆಲಸ ಆಗ್ಬೇಕಿತ್ತು. ನಮ್ಮ ಸೈಟ್ ಇದೆಯಲ್ಲ, ಅದನ್ನ ಮುಚ್ಚಿಬಿಡು…

ಹೂಂ, ಪೂರ್ತಿ. ಇನ್ಯಾರಿಗೆ ಬೇಕು ಅದು?…

ಮೇಷ್ಟ್ರನ್ನ ಕೇಳ್ಬೇಕಾ? ಎಲ್ಲಿಂದ ಕೇಳ್ತೀಯಮ್ಮಾ, ಇವರು ಹೋಗಿಬಿಟ್ರಲ್ಲ… ನಿನಗೂ ಗೊತ್ತಿಲ್ವಾ? ಸೈಟ್ ಮಾಡಿದೋಳು ನೀನೇ, ನೀನೂ ಅದನ್ನ ತೆಗೆದು ನೋಡಿಲ್ಲ ಅಂದ್ರೆ ಇನ್ನು ಬೇರೆಯೋರನ್ನ ಅಂದು ಏನು ಪ್ರಯೋಜನ?…

ಇರ್ಲಿ ಬಿಡು. ಎದೆನೋವು ಅಂದ್ರು, ಅಷ್ಟೇ. ನೆಂಟರು ನಾಲ್ಕು ಜನ ಸೇರಿ ಆಸ್ಪತ್ರೆಯಿಂದ ಹಾಗೇ ಎಲ್ಲ ಮುಗಿಸಿದ್ವಿ, ಅವರೂ ಊರಿಗೆ ಹೋದ್ರು. ಶಿಷ್ಯರಿಗೆ ಅಂತ ಬೇರೆ ಒಂದು ದಿನ ಇಟ್ಕೊಂಡಿದ್ದೆ. ಸೈಟಲ್ಲಿ ಬರೆದೆ. ಮೇಷ್ಟ್ರು ಇನ್ನಿಲ್ಲ, ಅವರ ಹತ್ರ ಕಲಿತೋರೆಲ್ಲ ನಿಮ್ಮ ನಿಮ್ಮ ಗಾಡಿ ತಗೊಂಡು ಭಾನುವಾರ ಮೈದಾನಕ್ಕೆ ಬನ್ನಿ, ಎಲ್ಲರೂ ಒಟ್ಟಿಗೆ ಒಂದು ರೌಂಡು ಹೋಗೋಣ, ಫಸ್ಟ್ ಗೇರಲ್ಲೇ, ನಿಧಾನಕ್ಕೆ. ಅವಸರ ಅಂದ್ರೆ ಇವರಿಗೆ ಆಗ್ತಿರ್ಲಿಲ್ಲ, ಅಲ್ವಾ…

ಏನಾಯ್ತಾ? ಒಂದು ನರಪಿಳ್ಳೆನೂ ಬರ್ಲಿಲ್ಲ ಕಣಮ್ಮಾ…

ಬೆಳಿಗ್ಗೇನೇ ಹೋಗಿದ್ದೆ. ಇವರು ಇಡ್ತಿದ್ದ ಹಾಗೇ ಕೋನ್‌ಗಳನ್ನೆಲ್ಲ ಜೋಡಿಸ್ದೆ. ನಮ್ಮ ಕಾರು, ಅದೇ ಎರಡೂ ಕಡೆ ಬ್ರೇಕ್ ಇರೋದು, ಒರೆಸಿ ಮುಂದೆ ನಿಲ್ಲಿಸ್ದೆ. ಗಾಡಿ ಸದ್ದಾದಾಗೆಲ್ಲ ರಸ್ತೆ ಕಡೆ ನೋಡೋದು. ಎಲ್ಲ ಸೀದಾ ಹೋದ್ವು. ಈ ಊರಲ್ಲಿ ಅರ್ಧ ಜನಕ್ಕೆ ರಿವರ್ಸ್ ತೆಗೆಯೋದು ಕಲಿಸಿದ್ದು ಇವರು. ಒಬ್ಬರಿಗಾದ್ರೂ ಈ ಕಡೆ ತಿರುಗ್ಬೇಕು ಅನ್ನಿಸ್ಲಿಲ್ವಲ್ಲ…

ಅಳ್ತಿಲ್ಲ. ನೆಗಡಿ…

ಸರಿ, ಅಳ್ತಿದೀನಿ. ಏನೀಗ?…

ಯಾರಿಗೂ ಫೋನ್ ಮಾಡ್ಲಿಲ್ಲಮ್ಮಾ. ಯಾಕೆ ಮಾಡ್ಬೇಕು? ಕ್ಲಾಸಿನ ಟೈಮು, ರಜಾ, ಎಲ್ಲ ಸೈಟಲ್ಲೇ ನೋಡೋರು ತಾನೆ? ಇನ್ನೂ ಕೇಳು, ಮೊನ್ನೆ ಒಬ್ಬಳು ಫೋನ್ ಮಾಡಿ, "ಮೇಷ್ಟ್ರಿದ್ದಾರಾ? ಹೊಸ ಬ್ಯಾಚ್ ಯಾವಾಗ?" ಅಂತಾಳೆ! ಅಷ್ಟು ದಪ್ಪಕ್ಷರದಲ್ಲಿ ಹಾಕಿದೀನಿ. ಕಣ್ಣು ಕಾಣ್ಸಲ್ವಾ ಅಂತ ಬೈದು ಇಟ್ಟುಬಿಟ್ಟೆ…

ಏನಂದೆ? ಯಾವ ಪುಟ ಅಂದ್ರೆ? ಮೊದಲನೇ ಪುಟ! ತೆಗೆದ ತಕ್ಷಣ ಇವರ ಫೋಟೋನೇ ಬರುತ್ತಲ್ಲ…

ಇಲ್ವಾ? ಇಲ್ಲ ಅಂದ್ರೇನು? ಕಂಪ್ಯೂಟರ್ ಮುಂದೇನೇ ಕೂತಿದೀನಿ, ನನ್ನ ಕಣ್ಣೆದುರಿಗೇ ಇದೆ. ದಿನಾ ಬೆಳಿಗ್ಗೆ ಇದನ್ನೇ ತೆಗೆದು ನೋಡೋದು ನಾನು. ನೀನು ಬೇರೆ ಯಾರದೋ ಸೈಟ್ ತೆಗೆದಿದೀಯ, ಸರಿಯಾಗಿ ನೋಡು…

ಅದೇ ಹೆಸರೇನಾ? ಹಾಗಿದ್ರೆ ಕಾಣ್ಬೇಕಲ್ಲ… ಎಲ್ಲಿ, ಕೆಳಗಡೆನಾ? ಹಾಂ, ಹಳದಿ ಪಟ್ಟಿ ಇದೆ. ಚಂದಕ್ಕೆ ನೀನು ಹಾಕಿದ್ದು ಅಂದ್ಕೊಂಡಿದ್ದೆ…

ಅದರಲ್ಲಿ ಬರೆದಿದೆಯಾ? ತಡಿ, ಕನ್ನಡಕ ಹಾಕ್ಕೋತೀನಿ… "ಮುನ್ನೋಟ. ಇನ್ನೂ ಪ್ರಕಟವಾಗಿಲ್ಲ."…

ಹಾಗಂದ್ರೆ?…

ಅಲ್ಲಮ್ಮಾ, ಸೈಟ್ ಮಾಡಿಕೊಟ್ಟಾಗ ನೀನೇ ತಾನೆ ಹೇಳಿದ್ದು? ಏನಾದ್ರೂ ಬದಲಾಯಿಸಿದ್ರೆ ಮೊದಲು ಮುನ್ನೋಟದಲ್ಲಿ ನೋಡಿ, ಸರಿ ಇದ್ರೆ ಪ್ರಕಟಿಸಿ ಅಂತ. ನೋಡ್ದೆ. ಸರಿ ಇತ್ತು. ಸೈಟಲ್ಲೇ ಕಾಣ್ತಿತ್ತು! ಕಾಣ್ತಿದ್ಮೇಲೆ ಇನ್ನೇನು ಪ್ರಕಟಿಸೋದು ಅಂದ್ಕೊಂಡೆ…

ನನ್ನ ಕಂಪ್ಯೂಟರಿಗೆ ಮಾತ್ರಾನಾ? ಬರೆದೋರಿಗೆ ಮಾತ್ರ ತೋರಿಸುತ್ತಾ?… ಹಾಗಾದ್ರೆ ಬೇರೆಯೋರು ತೆಗೆದ್ರೆ ಏನು ಬರುತ್ತೆ?…

ಇವರ ಮೊಬೈಲಲ್ಲಿ ನೋಡ್ಲಾ? ಇದೆ, ಇಲ್ಲೇ ಇದೆ. ಚಾರ್ಜೂ ಇದೆ, ದಿನಾ ಹಾಕ್ತೀನಿ. ಯಾಕೆ ಅಂದ್ರೆ… ಸುಮ್ನೆ. ಇರು, ತೆಗೀತಾ ಇದೆ…

…

"ಹೊಸ ಬ್ಯಾಚ್ ಶುರುವಾಗಲಿದೆ. ಮೇಷ್ಟ್ರೇ ಪಕ್ಕದಲ್ಲಿ ಕೂತು ಕಲಿಸುತ್ತಾರೆ. ಭಯ ಬೇಡ."…

ಇಲ್ಲ ಇಲ್ಲ, ಇದ್ದೀನಿ. ಲೈನಲ್ಲೇ ಇದ್ದೀನಿ…

ಅಂದ್ರೆ ಊರಿಗೆಲ್ಲ ಇವರು ಇನ್ನೂ ಇದ್ದಾರೆ, ಅಲ್ವಾ? ನನ್ನೊಬ್ಬಳ ಪಾಲಿಗೆ ಮಾತ್ರ ಇಲ್ಲ…

ಛೆ, ಬ್ಯಾಚ್ ಯಾವಾಗ ಅಂತ ಕೇಳಿದ ಆ ಹುಡುಗೀನ ಬೈದುಬಿಟ್ನಲ್ಲ. ಪಾಪ, ಅವಳಿಗೇನು ಗೊತ್ತು. ಎಲ್ಲರನ್ನೂ ಮನಸ್ಸಲ್ಲೇ ಹಿಡಿಶಾಪ ಹಾಕ್ದೆ. ತರಕಾರಿ ಅಂಗಡಿಯೋಳು, ಅವಳಿಗೂ ಇವರೇ ಸ್ಕೂಟರ್ ಕಲಿಸಿದ್ದು, ನಿನ್ನೆ ನಕ್ಕೊಂಡು ಮಾತಾಡ್ಸಿದ್ಲು. ನಾನು ಮುಖ ತಿರುಗಿಸ್ಕೊಂಡು ಬಂದೆ…

ನಿನ್ನ ತಪ್ಪೇನಿದೆ? ಬಿಡು, ಬಿಡು. ನೀನು ಹೇಳಿಕೊಟ್ಟಿದ್ದೆ, ನಾನೇ ಅರ್ಧಕ್ಕೆ ನಿಲ್ಲಿಸ್ದೆ…

ಈಗ್ಲೇನಾ? ಹಾಂ, ಗುಂಡಿ ಕಾಣ್ತಿದೆ, ಮೇಲೆ ಬಲಗಡೆ. ಮೊದಲು ದಿನ ಬದಲಾಯಿಸ್ಲಾ? ಬರೋ ಭಾನುವಾರ ಅಂತ ಮಾಡ್ತೀನಿ… ಆಯ್ತು. ಇನ್ನು ಒತ್ತೋದಷ್ಟೇ, ಅಲ್ವಾ…

…

ಒತ್ತಕ್ಕಾಗ್ತಿಲ್ಲಮ್ಮಾ…

ಒತ್ತಿದ್ರೆ ಎಲ್ಲ ಕಡೆಯಿಂದಾನೂ ಹೋಗಿಬಿಡ್ತಾರಲ್ಲ. ಈ ಮೊಬೈಲಲ್ಲಾದ್ರೂ ಪಕ್ಕದಲ್ಲಿ ಕೂತು ಕಲಿಸ್ತಾರೆ ಅಂತಿದೆ. ಭಯ ಬೇಡ ಅಂತಿದೆ…

ಬೇಡ ಬೇಡ, ಅಲ್ಲಿಂದ ನೀನು ಒತ್ತಬೇಡ. ನಾನೇ ಒತ್ಬೇಕು. ಹೆಂಡ್ತಿ ನಾನಲ್ವಾ… ನೋಡು, ಮನೇಲಿ ಮಾತಾಡೋಕೆ ಜನ ಇಲ್ಲ. ಹೊರಗೆ ಹೋದ್ರೆ ಎಲ್ಲರ ಮೇಲೂ ಸಿಟ್ಟು. ಇದನ್ನ ಒಬ್ಬಳೇ ಇಟ್ಕೊಂಡು ನಂಗೂ ಸಾಕಾಗಿದೆ…

ಹೂಂ. ಒತ್ತಿದೆ…

ಬಂತಾ?… ಇನ್ನೂ ಹಳೇದೇ ಇದೆಯಾ? ಇನ್ನೊಂದ್ಸಲ ತೆಗೆದು ನೋಡು…

ಬಂತಾ! ಫೋಟೋನೂ ಬಂತಾ? ನಿಜವಾಗ್ಲೂ ನಿನಗೆ ಕಾಣ್ತಿದೆಯಾ? ಓದಮ್ಮಾ ಹಾಗಾದ್ರೆ. ಮನಸ್ಸಲ್ಲಲ್ಲ, ಜೋರಾಗಿ ಓದು. ಇಷ್ಟು ದಿನ ನಾನೊಬ್ಬಳೇ ಓದ್ಕೊಂಡಿದ್ದು, ಇನ್ನೊಬ್ಬರ ಬಾಯಲ್ಲಿ ಒಂದ್ಸಲ ಕೇಳ್ಬಿಡ್ತೀನಿ…

ಹಾಂ… ಹಾಂ, ಮೇಷ್ಟ್ರು… ಮುಂದೆ?…

ಹಲೋ? ಕೇಳಿಸ್ತಿಲ್ಲಮ್ಮಾ… ಲೈನ್ ಹೋಯ್ತಾ, ಇಲ್ಲ ನೀನೂ ಅಳ್ತಿದೀಯಾ?… ಮೇಷ್ಟ್ರು ಅಂದ್ಯಲ್ಲ, ಮುಂದಕ್ಕೆ ಓದು… ಹಲೋ?… ಹಲೋ…