ಸುರುಳಿರೆಕ್ಕೆ

ಕೂತ್ಕೊಳ್ಳಯ್ಯ ತಿರುಮಲೇಶ. ನಿಂತ್ಕೊಂಡು ಕೇಳಿದ್ರೆ ಸತ್ತ ನೊಣ ಎದ್ದು ಬರ್ತವಾ? ಹೇಳಿದ್ನಲ್ಲ... ನೀನು ಬೊಂಬಾಯಿಗೆ ಹೋದ ಮಾರನೇ ದಿನವೇ ಕಾಲೇಜಲ್ಲಿ ಕರೆಂಟ್ ಹೋಯ್ತು. ಕೂಲರ್ ನಿಂತು ರೂಮು ಒಲೆ ಆಗಿಹೋಯ್ತು. ನೀನು ನೊಣ ಸಾಕಿದ್ದ ಬಾಟಲಿಗಳೆಲ್ಲ ಖಲಾಸ್! ನಾನೇ ಕೈಯಾರೆ ತೊಳೆದಿಟ್ಟೆ. ಒಂದು ನೊಣ, ಒಂದೇ ಒಂದು ಉಳೀಲಿಲ್ಲ ಕಣಯ್ಯ.

ಮತ್ತೆ ಎಲ್ಲಿಂದಾದ್ರೂ ತರಿಸ್ಕೋ... ಗೊತ್ತು, ಗೊತ್ತು. ಎರಡು ವರ್ಷ ಬೆರೆಸಿ ಬೆರೆಸಿ ನೀನೇ ತೆಗೆದ ತಳಿ. ರೆಕ್ಕೆ ಸುರುಳಿ ಸುತ್ಕೊಂಡು ಹಾರೋಕಾಗ್ದೆ ಇದ್ರೆ ನಿನ್ನ ಆ ಕ್ಯಾನ್ಸರ್ ಜೀನು ಒಳಗಿದೆ ಅಂತ ಗುರುತು. ಬೇರೆಲ್ಲೂ ಸಿಗೋದಿಲ್ಲ. ಅದಕ್ಕೆ ನಾನೇನು ಮಾಡ್ಲಿ?

ಕಾಫಿ ತಗೋ. ಬಾಳೆಹಣ್ಣೂ ಇದೆ... ವಾಸನೆಯಾ? ಏನು ವಾಸನೆ? ಓ, ದೋಸೆ ಹಿಟ್ಟು. ಹುಳಿ ಬಂದಿದೆ... ನನ್ನ ಹೆಂಡ್ತಿಯಾ? ಅವಳು ಉತ್ತರಹಳ್ಳಿಗೆ, ತಂಗಿ ಮನೆಗೆ ಹೋಗಿ ವಾರ ಆಯ್ತು. ನಾನೇ ರುಬ್ಬಿದೆ. ಯಾಕೆ ನಗ್ತೀಯ? ಶಂಭುಲಿಂಗಪ್ಪ ಮೇಷ್ಟ್ರು ದೋಸೆಗೆ ರುಬ್ಬಬಾರ್ದಾ?

ಅದಿರ್ಲಿ, ಬೊಂಬಾಯಲ್ಲಿ ಚಪ್ಪಾಳೆ ಬಿತ್ತಾ? ಬೀಳದೆ ಏನು! ಯುಗಾದಿಗೆ ಮುಂಚೆ ಇಲ್ಲೇ ಜಯನಗರ ನಾಲ್ಕನೇ ಬ್ಲಾಕಲ್ಲಿ ಮಾತಾಡಿದ್ಯಲ್ಲ, ಹಿಂದಿನ ಸಾಲಲ್ಲಿ ಕೂತಿದ್ದೆ. ಕ್ಯಾನ್ಸರ್ ತರೋ ಜೀನು ಹೊರಗಿಂದ ಬಂದದ್ದಲ್ಲ ಅಂದೆ. ಕೋಳೀಲಿದೆ, ನೊಣದಲ್ಲಿದೆ, ಯೀಸ್ಟಲ್ಲೂ ಇಂಥವು ಸಿಕ್ಕಿವೆ ಅಂದೆ. ನೊಣಕ್ಕೂ ನಮಗೂ ಒಬ್ಬನೇ ಮುತ್ತಜ್ಜ ಇದ್ದ ಕಾಲದಿಂದ, ಕೋಟ್ಯಂತರ ವರ್ಷದಿಂದ, ಜೀವಕೋಶಕ್ಕೆ ‘ಬೆಳಿ’, ‘ಸಾಕು, ನಿಲ್ಲು’ ಅಂತ ಹೇಳ್ಕೊಂಡು ಮೈ ಕಟ್ಟಿದ್ದೇ ಇವು. ಕೆಟ್ಟಾಗ ‘ಸಾಕು’ ಅನ್ನೋದು ಮರೀತವೆ, ಅಷ್ಟೇ ಅಂದೆ. ‘ಕಳ್ಳ ಮನೆಯವನೇ’ ಅಂದಾಗ ಜನ ತಲೆದೂಗಿದ್ದೇನು! ಒಳ್ಳೇ ಮಾತು ಕಣಯ್ಯ. ಹೊಟ್ಟೆಕಿಚ್ಚಲ್ಲ ನನಗೆ.

ಹೊಟ್ಟೆಕಿಚ್ಚು ಯಾಕೆ? ನೊಣಾನ ಬ್ರಷ್ ತುದೀಲಿ ಎತ್ತೋದು ಕಲಿಸಿದ್ದು ಯಾರು? ಬೆರಳಿಟ್ರೆ ಜಜ್ಜಿಹೋಗ್ತದೆ ಕತ್ತೆ, ಅಂತ ಗದರಿದ್ದು ಯಾರು? ರವೆ, ಬೆಲ್ಲ, ಯೀಸ್ಟು ಹಾಕಿ ಅವಕ್ಕೆ ಊಟ ಕಾಯಿಸೋದು... ನಮ್ಮನೆ ಉಪ್ಪಿಟ್ಟಿನ ರವೆ ತಂದು ತೋರಿಸ್ಕೊಟ್ಟೆ ನಿನಗೆ! ನಿನ್ನ ಪೇಪರಲ್ಲಿ ನನ್ನ ಹೆಸರು ಎಲ್ಲಿದೆ? ಕಟ್ಟಕಡೆಗೆ, ಥ್ಯಾಂಕ್ಸಲ್ಲಿ. ಬಾಟಲಿ ತೊಳೆಯೋ ಪಿಳ್ಳಣ್ಣ ಆದ್ಮೇಲೆ ನಾನು. ಇರ್ಲಿ, ಇರ್ಲಿ ಬಿಡು... ಪಿಳ್ಳಣ್ಣ ಒಳ್ಳೆಯವನು. ಇಪ್ಪತ್ತು ವರ್ಷ ಮಿಡತೆ ಕುಯ್ದೆ ನಾನು. ಯಾರು ಕರೆದ್ರು? ಬೊಂಬಾಯಿ ಹಾಳಾಗ್ಲಿ, ಬಿಳೇಕಹಳ್ಳಿಗಾದ್ರೂ ಕರೆದ್ರಾ?

ಆ ರೂಮಾ? ಬೀಗ ಹಾಕಿದೀನಿ. ಒಳಗೆ ಅವಳ ಬೀರು ಇದೆ... ಫ್ಯಾನ್ ಯಾಕೆ ಓಡ್ತಿದೆ ಅಂದ್ರೆ... ಆರಿಸೋದು ಮರ್ತೆ. ನೀನೇನು, ಪೊಲೀಸಾ?

ಕುಡಿಯಯ್ಯ, ಆರಿಹೋಗ್ತದೆ. ಯಾಕೆ ಹಾಗೆ ಲೋಟ ಹಿಡ್ಕೊಂಡು ಕೂತೆ? ಏನದು, ಅಂಚಲ್ಲಿ... ನೊಣ. ಬಾಳೆಹಣ್ಣು ಇಟ್ಟಿದೀನಲ್ಲ, ಬರ್ತವೆ. ಜಯನಗರದಲ್ಲಿ ಯಾರ ಮನೇಲಿಲ್ಲ ನೊಣ? ಊದು, ಹಾರಿಹೋಗ್ತದೆ.

...ಹಾರ್ಲಿಲ್ವಾ?

ಇನ್ನೊಂದ್ಸಲ ಊದು.

ನಡ್ಕೊಂಡು ಹೋಗ್ತಿದೆ, ಅಲ್ವಾ... ಯಾಕಯ್ಯ ನನ್ನ ಮುಖ ನೋಡ್ತೀಯ? ಬೈಯಬಾರ್ದಾ?

ಏಯ್, ಏಯ್, ಲೋಟ ವಾಲಿಸ್ಬೇಡ, ಕಾಫಿಗೆ ಬಿದ್ದೀತು! ಬೆರಳು ಹಾಕ್ಬೇಡ್ವೋ! ಹೆಣ್ಣು ಅದು, ಮೊಟ್ಟೆ ಇಡೋದು...

ತಾಳು. ಬೀಗ ತೆಗೀತೀನಿ. ಬ್ರಷ್ ಒಳಗಿದೆ.