ನಿಮ್ ತಾತನ ಹೆಸರು ಹೇಳ್ದೇ ಇದ್ದಿದ್ದಕ್ಕೆ

ಅಲ್ಲ ಕಣೇ ಭವ್ಯಾ, ಹೆಸರು ಮರ್ತೋಗಿರ್ಲಿಲ್ಲ ನಂಗೆ. ಮರ್ತಿದ್ರೆ ಪಾಪ ಮುದುಕಿ ಅಂತ ಬಿಟ್ಬಿಡ್ತಿದ್ರು. ಗೊತ್ತಿದ್ದೂ ಹೇಳ್ಲಿಲ್ಲ, ಅದೇ ನಾನ್ ಮಾಡಿದ್ ತಪ್ಪು. ನಗ್ತೀಯಾ? ನಗು ನಗು. ನಮಗೆಲ್ಲ ಗಂಡನ ಹೆಸರು ಬಾಯಲ್ಲಿ ಬರೋ ಹಂಗೇ ಇರ್ಲಿಲ್ಲ. ಹೇಳಿದ್ರೆ ಅವ್ರ ಆಯಸ್ಸು ಕಮ್ಮಿ ಆಗುತ್ತೆ ಅಂತ ನಮ್ಮತ್ತೆ ಮದ್ವೆಯಾದ ಮೂರನೇ ದಿನಾನೇ ಹೇಳ್ಕೊಟ್ಟಿದ್ರು. ಕರೀಬೇಕಂದ್ರೆ 'ಇಲ್ಕೇಳಿ', ಬೇರೆಯವ್ರ ಹತ್ರ ಆದ್ರೆ 'ನಮ್ಮನೆಯವ್ರು', ಮುಗೀತು. ಆಮೇಲೆ ರೇಷನ್ ಕಾರ್ಡು ಮಾಡ್ಕೊಡ್ತೀವಿ ಅಂತ ಊರಿನ ಸ್ಕೂಲಲ್ಲಿ ಕಂಪ್ಯೂಟರ್ ಇಟ್ಕೊಂಡು ಕೂತ್ರು ನೋಡು. ನಿಮ್ ತಾತ ಅವತ್ತು ತೋಟದಲ್ಲಿ... ಅಲ್ಲ, ತೋಟ ಅಲ್ಲ, ಸೊಪ್ಪಿನ ಟೆಂಪೋ ಹತ್ಕೊಂಡು ಶಿವಾಜಿನಗರ ಮಾರ್ಕೆಟ್ಟಿಗೆ ಹೋಗಿದ್ರು. 'ಗಂಡನ ಹೆಸರೇನಮ್ಮ?' ಅಂದ ಕಂಪ್ಯೂಟರ್‌ನೋನು. ನಾನು ನೆಲ ನೋಡ್ಕೊಂಡು 'ಅದೇ ಸ್ವಾಮಿ, ಏಳು ಬೆಟ್ಟದ ಮೇಲೆ ಅವ್ನಲ್ಲ ದೇವ್ರು, ಅವ್ನ ಹೆಸರು' ಅಂದೆ. 'ಶ್ರೀನಿವಾಸಾನಾ?' ಅಂದ. ಹಿಂದೆ ಕ್ಯೂನಲ್ಲಿ ಬೇರೆ 'ಬೇಗ ಬೇಗ' ಅಂತ ಗಲಾಟೆ. ನಾನು ಹೂಂ ಅಂದ್ಬಿಟ್ಟೆ ಕಣೇ. ದೇವ್ರು ಒಬ್ನೇ ತಾನೇ, ಏನಾದ್ರೂ ಬರ್ಕೊಳ್ಲಿ ಅಂತ. ನಂಗೂ ಓದೋಕ್ ಬರಲ್ಲ, ನಿಮ್ ತಾತನಿಗೂ ಬರಲ್ಲ, ತಿಂಗ್ಳಾದ್ರೆ ಅಕ್ಕಿ ಬರ್ತಿತ್ತು, ಯಾರ್ ನೋಡ್ತಾರೆ. ಆ ಕಾರ್ಡ್ ನೋಡ್ಕೊಂಡೇ ನನ್ ಆಧಾರಿಗೂ ಅದೇ ಹೆಸರು ಹಾಕಿದ್ರು.

ಆಗ ಇಲ್ಲೆಲ್ಲ ಸೊಪ್ಪಿನ ಮಡಿ ಗೊತ್ತಾ. ಈಗ ಆ ದೊಡ್ಡ ಅಪಾರ್ಟ್‌ಮೆಂಟ್ ಗೇಟ್ ಐತಲ್ಲ, ಅಲ್ಲೇ ದಂಟು, ಅಲ್ಲೇ ಮೆಂತ್ಯ, ಅಲ್ಲೇ ಕೊತ್ಮಿರಿ. ಎಲ್ಲಾ ಸಾವ್ಕಾರ್ರ ಜಮೀನು. ನಾವು ಕೀಳೋರು, ಕಂತೆ ಕಟ್ಟೋರು, ಅಷ್ಟೇ. ಜಮೀನು ಲೇಔಟಿಗೆ ಹೋಯ್ತು. ಅವ್ರಿಗೆ ಭೂಮಿ ಹೋದ್ರೂ ದುಡ್ಡು ಬಂತು, ಮೂರಂತಸ್ತು ಮನೆ ಎದ್ದು ನಿಂತ್ತು. ನಮ್ಗೆ ಕೂಲಿ ಹೋಯ್ತು, ಬದ್ಲಿಗೆ ಏನೂ ಬರ್ಲಿಲ್ಲ. ಕೂಲಿ ಮಾಡಿದ್ದಕ್ಕೆ ಯಾರಾದ್ರೂ ಪತ್ರ ಬರ್ಕೊಡ್ತಾರಾ? ಅದೇ ಹೊತ್ತಿಗೆ ನಿಮ್ಮಮ್ಮ ಕಾಮಾಲೆ ಆಗಿ ಹೋದ್ಲು. ನನ್ ಹೊಟ್ಟೇಲಿ ಹುಟ್ಟಿದ್ದು ಒಂದೇ, ಅದೂ ಹೋಯ್ತು. ನಿಮ್ಮಪ್ಪ ಇನ್ನೊಂದು ಮದ್ವೆ ಮಾಡ್ಕೊಂಡು ಮಾಲೂರು ಕಡೆ ಹೋದ, ತಿರುಗಿ ನೋಡ್ಲಿಲ್ಲ, ಆ ವಿಷ್ಯ ಬಿಡು, ನಂಗೆ ಬಿ.ಪಿ. ಏರುತ್ತೆ. ಮಾರನೇ ವರ್ಷ ನಿಮ್ ತಾತಾನೂ ಆಸ್ಪತ್ರೇಲಿ ತೀರ್ಕೊಂಡ್ರು. ಉಳಿದಿದ್ದು ನಾನೂ ನೀನೂ, ಆ ಶೀಟ್ ಮನೇಲಿ.

ನಾನು ಸಾವ್ಕಾರ್ರ ಮನೇಲಿ ಕಾರ್ ನಿಲ್ಸೋ ಜಾಗ ತೊಳ್ಯೋದು, ಅಂಗಳ ಗುಡ್ಸೋದು ಮಾಡ್ತಿದ್ದೆ. ಸಂಬಳ ಅಂತ ಏನಿಲ್ಲ, ಅವಾಗವಾಗ ಕೈಗೆ ನೂರು ಇಡೋರು, ಮಧ್ಯಾಹ್ನ ಹಿಂದಿನ ಬಾಗ್ಲಲ್ಲಿ ದಬರಿ ಹಿಡ್ಕೊಂಡು ನಿಂತ್ರೆ ಮಿಕ್ಕಿದ್ದು ಹಾಕೋರು. ಆ ಮನೆ ಅಮ್ಮಾವ್ರು ಕೆಟ್ಟೋರಲ್ಲ, ಸುಳ್ಳು ಹೇಳ್ಬಾರ್ದು. ಹಳಸಿದ್ದು ಯಾವತ್ತೂ ಹಾಕ್ಲಿಲ್ಲ. ಆದ್ರೆ ಅವ್ರು ಊಟ ಮುಗ್ಸೋವರ್ಗೂ ನಿಲ್ಬೇಕಿತ್ತು. ಯಾರೋ ಹೇಳಿದ್ರು, 'ಪಾಪಕ್ಕಾ, ವಿಧವೆಯರಿಗೆ ಸರ್ಕಾರದಿಂದ ತಿಂಗ್ಳಾ ತಿಂಗ್ಳಾ ನೇರ ಬ್ಯಾಂಕಿಗೇ ದುಡ್ಡು ಬರುತ್ತೆ, ಮಧ್ಯ ಯಾರ್ ಕೈಗೂ ಹೋಗಲ್ಲ, ಅರ್ಜಿ ಹಾಕು' ಅಂತ. ಹೋದೆ. ತಾಲೂಕಾಫೀಸಲ್ಲಿ ಕೂತಿದ್ದ ಕೇಸ್‌ವರ್ಕರ್ ಹುಡ್ಗ ಕಾಗ್ದ ಆ ಕಡೆ ಈ ಕಡೆ ತಿರುಗ್ಸಿ ನೋಡ್ದ. 'ಅಜ್ಜಿ, ಕಾರ್ಡಲ್ಲಿ ನಿಮ್ ಗಂಡ ಶ್ರೀನಿವಾಸ. ಡೆತ್ ಸರ್ಟಿಫಿಕೇಟಲ್ಲಿ ಸತ್ತಿರೋರು ವೆಂಕಟಸ್ವಾಮಿ. ನಿಮ್ ಗಂಡ ಬದ್ಕವ್ರೆ, ದುಡ್ಡು ಹೆಂಗ್ ಕೊಡೋದು?' ಆಸ್ಪತ್ರೇಲಿ ನಿಮ್ ತಾತ ತಾವೇ ಬಾಯ್ಬಿಟ್ಟು ಸರಿಯಾದ ಹೆಸರು ಹೇಳಿದ್ರಲ್ಲ, ಅದಕ್ಕೆ. 'ಅಯ್ಯೋ ಎರಡೂ ಒಬ್ರೇ ಕಣಪ್ಪಾ!' ಅಂದೆ. 'ಹಂಗಾದ್ರೆ ನಿಮ್ ಗಂಡನ ನಿಜವಾದ ಹೆಸರೇನು ಹೇಳಿ.' 'ಅದೇ... ಈಗ ನೀವೇ ಓದಿದ್ರಲ್ಲ.' 'ನಾನ್ ಓದಿದ್ದು ಬೇಡ ಅಜ್ಜಿ, ನೀವ್ ಹೇಳಿ.' ಅವ್ರು ಹೋಗಿ ಆಗ್ಲೇ ವರ್ಷ ಆಗಿತ್ತು, ಇನ್ನೆಲ್ಲಿ ಆಯಸ್ಸು ಕಮ್ಮಿ ಆಗೋದು? ಆದ್ರೂ ನಾಲ್ಗೆ ಹೊರಳ್ಲಿಲ್ಲ ಕಣೇ. ಹಿಂದೆ ನಿಂತಿದ್ದ ಒಬ್ಳು 'ಗಂಡನ ಹೆಸರೇ ಗೊತ್ತಿಲ್ಲ, ಯಾರ್ದೋ ಸರ್ಟಿಫಿಕೇಟ್ ತಂದವ್ಳೆ' ಅಂದ್ಲು. ನಕ್ರು ಎಲ್ಲಾ. ಕಾಗ್ದ ಕಿತ್ಕೊಂಡು ಬಂದ್ಬಿಟ್ಟೆ. ಆರು ತಿಂಗ್ಳು ಆ ಕಡೆ ತಲೆ ಹಾಕ್ಲಿಲ್ಲ.

ಆಮೇಲೆ ನಂಗೆ ಆ ಕೈಕಾಲು ಹಿಡ್ಕೊಳೋ ಜ್ವರ ಬಂತಲ್ಲ. ಏಳೋಕಾಗ್ಲಿಲ್ಲ. ಮಧ್ಯಾಹ್ನ ನೋಡ್ತೀನಿ, ದಬರಿ ಇಲ್ಲ, ನೀನೂ ಇಲ್ಲ. ಸ್ವಲ್ಪ ಹೊತ್ತಿಗೆ ನೀನು ಓಡ್ಕೊಂಡು ಬಂದೆ. ನೆನಪೈತಾ? ಇರಲ್ಲ, ಎಂಟು ವರ್ಷ ನಿಂಗೆ. 'ಅಜ್ಜೀ ಅಜ್ಜೀ, ಇವತ್ತು ಪಲಾವ್! ಅವ್ರ ಮನೆ ಹುಡ್ಗೀದು ಬರ್ತ್‌ಡೇ ಅಂತೆ. ನಾನು ಹಿಂದಿನ ಬಾಗ್ಲಲ್ಲಿ ಗಲಾಟೆ ಮಾಡ್ದೆ ನಿಂತಿದ್ನಲ್ಲ, ಅದಕ್ಕೆ ಜಾಸ್ತಿ ಹಾಕಿದ್ರು. ನಾಳೇನೂ ನಾನೇ ಹೋಗ್ಲಾ ಅಜ್ಜೀ?' ಅಂತ ಕೇಳ್ದೆ ನೀನು. ಖುಷಿಯಾಗಿ ಕೇಳ್ದೆ. ಅತ್ಕೊಂಡು ಬಂದಿದ್ರೆ ನಾನು ತಡ್ಕೋತಿದ್ನೇನೋ. ಅವ್ರ ಮೊಮ್ಮಗಳೂ ನಿನ್ ಓರಗೆಯವ್ಳೇ. ಅವ್ಳು ಮುಂದಿನ ಬಾಗ್ಲಲ್ಲಿ ಕೇಕ್ ಕತ್ತರಿಸ್ತಾ ಇದ್ರೆ ನೀನು ಹಿಂದೆ ಚೆನ್ನಾಗಿ ನಿಲ್ಲೋದು ಕಲೀತಾ ಇದ್ದೆ. ನನ್ ಕಾಲ ಹೆಂಗೋ ಕಳೀತು, ಈ ಮಗು ಆ ಬಾಗ್ಲು ಅಭ್ಯಾಸ ಮಾಡ್ಕೋಬಾರ್ದು ಅಂತ ಅನ್ಕೊಂಡು, ಜ್ವರ ಬಿಟ್ಟ ತಕ್ಷಣ ಬಸ್ ಹತ್ತಿದೆ.

ಅದೇ ಆಫೀಸು, ಅದೇ ಹುಡ್ಗ. 'ಏನಜ್ಜಿ, ಹೆಸರು ನೆನಪಾಯ್ತಾ?' ಅಂದ. ಎಲ್ಲಿತ್ತೋ ಸಿಟ್ಟು, 'ವೆಂಕಟಸ್ವಾಮಿ!' ಅಂತ ಕಿರುಚ್ದೆ. 'ವೆಂಕಟಸ್ವಾಮಿ ಕಣಪ್ಪಾ! ಮುನಿಶಾಮಪ್ಪನ ಮಗ ವೆಂಕಟಸ್ವಾಮಿ, ನನ್ ಗಂಡ! ಇನ್ನೂ ಜೋರಾಗಿ ಹೇಳ್ಲಾ?' ಇಡೀ ಆಫೀಸು ತಿರುಗಿ ನೋಡ್ತು. ಆಮೇಲೆ ಅಲ್ಲೇ ಬೆಂಚಿನ್ ಮೇಲೆ ಕುಸ್ದು ಅತ್ಬಿಟ್ಟೆ. ಅಷ್ಟು ವರ್ಷ ಸಂಸಾರ ಮಾಡಿ ಮೊದಲ್ನೇ ಸಲ ಹೆಸರಿಡಿದು ಕರ್ದೆ, ಓ ಅನ್ನೋಕೆ ಅವ್ರೇ ಇರ್ಲಿಲ್ಲ. ಆ ಹುಡ್ಗ ಪಾಪ ಎದ್ದು ಬಂದು ನೀರು ಕೊಟ್ಟ. 'ತಪ್ಪಾಯ್ತಜ್ಜಿ, ಇಬ್ರೂ ಒಬ್ರೇ ಅಂತ ಅಫಿಡವಿಟ್ ಮಾಡಿಸ್ಕೊಂಡು ಬನ್ನಿ, ಹಾಕೊಡ್ತೀನಿ' ಅಂದ. ಮಾಡಿಸ್ದೆ.

ದುಡ್ಡು ಬಂತು. ದೊಡ್ಡ ದುಡ್ಡೇನಲ್ಲ, ಈ ಊರಲ್ಲಿ ಯಾರೋ ಒಂದ್ಸಲ ಹೋಟ್ಲಿಗೆ ಹೋದ್ರೆ ಖರ್ಚಾಗೋವಷ್ಟು. ಆದ್ರೆ ನನ್ ಹೆಸರಲ್ಲಿ ಬಂತು. ಅಂಗಡಿಯವ್ನು ಮೊದ್ಲೆಲ್ಲ ನನ್ ಕಂಡ್ರೆ ಮುಖ ಆ ಕಡೆ ಮಾಡೋನು, ಈಗ 'ಬನ್ನಿ ಅಜ್ಜಿ, ಏನ್ ಕೊಡ್ಲಿ?' ಅಂತಾನೆ. ನಿಂಗೆ ಮೊಟ್ಟೆ ತಂದೆ, ಎಣ್ಣೆ ಪಾಕೀಟು ದೊಡ್ದು ತಂದೆ. ಅಮ್ಮಾವ್ರಿಗೆ 'ನಾಳೆಯಿಂದ ದಬರಿ ತರಲ್ಲ ಕಣಮ್ಮ, ಕೆಲ್ಸಕ್ಕೆ ಬೇಕಾದ್ರೆ ಬರ್ತೀನಿ, ಸಂಬಳ ಕೊಡಿ' ಅಂದೆ. 'ಯಾಕೆ ಪಾಪಮ್ಮ, ಕೋಪಾನಾ?' ಅಂದ್ರು. ಕೋಪ ಏನಿಲ್ಲ ಅಂದೆ. ಸಂಬಳ ಕೊಟ್ರು ನೋಡು! ಅಷ್ಟು ದಿನ ಕೇಳೇ ಇರ್ಲಿಲ್ಲ ನಾನು.

ಇಷ್ಟೂ ನಿಂಗೆ ಅವಾಗವಾಗ ಹೇಳಿರೋದೇ. ಗೊತ್ತಿಲ್ದಿರೋದು ಒಂದೈತೆ, ಇವತ್ತು ಹೇಳ್ಬಿಡ್ತೀನಿ. ಮಾರನೇ ವರ್ಷ ಎರಡು ತಿಂಗ್ಳು ದುಡ್ಡು ಬರ್ಲಿಲ್ಲ. ಬ್ಯಾಂಕಲ್ಲಿ ಕೇಳಿದ್ರೆ 'ನಮ್ಗೆ ಬಂದಿಲ್ಲ' ಅಂದ್ರು, ಆಫೀಸಲ್ಲಿ 'ಬರುತ್ತೆ ಹೋಗಿ' ಅಂದ್ರು. ಅಮ್ಮಾವ್ರು ಕಾಶಿಗೆ ಅಂತ ಹೋಗಿದ್ರು, ಕೆಲ್ಸಾನೂ ಇಲ್ಲ, ಸೊಸೆ ಒಬ್ಳೇ ಮನೇಲಿ. ನೀನು ಸ್ಕೂಲಿಗೆ ಹೋದ್ಮೇಲೆ ದಬರಿ ಸೆರಗಲ್ಲಿ ಮುಚ್ಕೊಂಡು ಹೋಗಿ ನಿಂತ್ಕೊಂಡೆ. ಅದೇ ಬಾಗ್ಲು. ಸಾಯಂಕಾಲ ನೀನು 'ಸಾರು ಚೆನ್ನಾಗೈತೆ ಅಜ್ಜಿ' ಅಂದಾಗೆಲ್ಲ 'ನಾನೇ ಮಾಡಿದ್ದು' ಅಂದೆ. ಎರಡು ತಿಂಗ್ಳೂ ಹಂಗೇ ಅಂದೆ. ಯಾಕತ್ತೀಯ ಈಗ, ಮುಗ್ದೋಯ್ತಲ್ಲ. ಮೂರನೇ ತಿಂಗ್ಳು ಮತ್ತೆ ಅದೇ ಆಫೀಸಿಗೆ ಹೋಗಿ, ಬಾಗ್ಲಲ್ಲೇ ನಿಂತು ನಿಮ್ ತಾತನ ಹೆಸರು ಕೂಗಿ ಜಗಳ ಆಡ್ದೆ, ಬಾಕಿ ಎಲ್ಲಾ ಒಟ್ಟಿಗೆ ಬಂತು. ಅದಕ್ಕೇ ಹೇಳ್ತೀನಿ ಕೇಳು: ನಿನ್ ಹೆಸರಲ್ಲಿ ಬರಬೇಕಾಗಿದ್ದನ್ನ ಕೇಳೋಕೆ ಮಾತ್ರ ಯಾವತ್ತೂ ನಾಚ್ಕೋಬೇಡ. ಆಫೀಸಲ್ಲಿ ನಾಚ್ಕೊಂಡಿದ್ದಕ್ಕೆ ನಾನು ಆ ಹಿಂದಿನ ಬಾಗ್ಲಲ್ಲಿ ಕೈಯೊಡ್ಡಿದ್ದು. ಏಳು, ಮುಖ ತೊಳ್ಕೊ.